ರೆಕ್ಕೆ ತುದಿಯ ಪಂಖಗಳು

ನನ್ನ ಪಿಎಚ್‌ಡಿಗೆ ಸಿಕ್ಕ ಮೂರನೆಯ ಮತ್ತು ಕೊನೆಯ ಗಡುವು ಜೂನ್ ತಿಂಗಳಿಗೆ ಮುಗಿಯುವುದಿತ್ತು. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಏಳು ವರ್ಷ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹುಬ್ಬಳ್ಳಿಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಈ ಪದವಿ ಶೋಕಿಯಾಗಿರಲಿಲ್ಲ. ಡಾಕ್ಟರೇಟ್ ಇಲ್ಲದವರನ್ನು ಮುಂದಿನ ವರ್ಷದಿಂದ ಇಟ್ಟುಕೊಳ್ಳುವುದಿಲ್ಲ ಎಂದು ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ನನ್ನ ಕಡೆಯೇ ನೋಡುತ್ತ ಹೇಳಿದ್ದರು. ನಲವತ್ತನಾಲ್ಕನೇ ವಯಸ್ಸಿನಲ್ಲಿ ಮತ್ತೆ ಅರ್ಜಿ ಹಿಡಿದು ಅಲೆಯುವ ಹುರುಪು ನನಗಿರಲಿಲ್ಲ.

ನನ್ನ ವಿಷಯವನ್ನು ಅಡುಗೆಮನೆಯಲ್ಲಿ ನಿಂತೇ ಹೇಳಬಹುದು. ವಿಮಾನದ ರೆಕ್ಕೆಯ ಕೆಳಗೆ ಗಾಳಿಯ ಒತ್ತಡ ಹೆಚ್ಚು, ಮೇಲೆ ಕಡಿಮೆ. ಅದಕ್ಕೇ ಅದು ಹಾರುತ್ತದೆ. ಆದರೆ ರೆಕ್ಕೆಯ ತುದಿಯಲ್ಲಿ ತಡೆಯುವವರು ಯಾರೂ ಇಲ್ಲದ್ದರಿಂದ ಕೆಳಗಿನ ಗಾಳಿ ಹೊರಗಿನಿಂದ ಸುತ್ತಿ ಮೇಲಕ್ಕೆ ನುಗ್ಗುತ್ತದೆ. ಹೀಗೆ ಪ್ರತಿ ತುದಿಯ ಹಿಂದೆಯೂ ಒಂದು ಸುಳಿ ಎಳೆದುಕೊಂಡೇ ವಿಮಾನ ಹೋಗಬೇಕು. ಆ ಸುಳಿಯನ್ನು ತಿರುಗಿಸುವ ಶಕ್ತಿ ಎಂಜಿನ್ನಿನಿಂದಲೇ ಹೋಗಬೇಕು, ಬೇರೆ ಯಾರು ಕೊಡುತ್ತಾರೆ? ಈಗ ಆ ತುದಿಗೇ ಒಂದು ಪ್ರೊಪೆಲ್ಲರ್ ಕೂಡಿಸಿ, ಅದನ್ನು ಸುಳಿಗೆ ಎದುರಾಗಿ ತಿರುಗಿಸಿದರೆ ಸುಳಿಯ ಸೊಕ್ಕು ಅಷ್ಟಿಷ್ಟು ಇಳಿಯುತ್ತದೆ. ಗಡಿಗೆಯಲ್ಲಿ ಮಜ್ಜಿಗೆ ಒಂದು ಕಡೆ ಗಿರ್ರನೆ ತಿರುಗುವಾಗ ಕಡಗೋಲನ್ನು ಉಲ್ಟಾ ತಿರುವಿದ ಹಾಗೆ. ಅದೇ ಪ್ರೊಪೆಲ್ಲರನ್ನು ಸುಳಿ ತಿರುಗುವ ಕಡೆಗೇ ತಿರುಗಿಸಿದರೆ ಬೆಂಕಿಗೆ ತುಪ್ಪ ಸುರಿದಂತೆ. ಇದು ನಾನು ಕಂಡುಹಿಡಿದದ್ದಲ್ಲ, ಬಲ್ಲವರಿಗೆ ಮೊದಲಿನಿಂದಲೂ ಗೊತ್ತಿದ್ದದ್ದು. ಸಣ್ಣ ರೆಕ್ಕೆಯ, ನಿಧಾನ ಹಾರುವ ವಿಮಾನದಲ್ಲಿ ಇದರಿಂದ ನಿಜಕ್ಕೂ ಬ್ಯಾಟರಿ ಉಳಿಯುತ್ತದೆಯೇ, ಬರೀ ಕಂಪ್ಯೂಟರಿನ ಪರದೆಯ ಮೇಲೆ ಉಳಿಯುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಪರದೆಯ ಮೇಲೆ ಉಳಿದಿತ್ತು. ಹಾರಿಸಿ ತೋರಿಸು ಎಂದು ನನ್ನ ಗೈಡ್ ಹಟ ಹಿಡಿದರು. ಕಾಲೇಜಿನಲ್ಲಿ ವಿಮಾನದ ಮಾದರಿ ಪರೀಕ್ಷಿಸುವ ಗಾಳಿ ಸುರಂಗ ಕೆಟ್ಟು ಎರಡು ವರ್ಷವಾಗಿತ್ತು. ಉಳಿದದ್ದು ಅಪ್ಪ ಮತ್ತು ಅಣ್ಣಿಗೇರಿಯ ಬಯಲು.

ಅಪ್ಪ ಬಡಿಗ. ಅಣ್ಣಿಗೇರಿಯ ನಮ್ಮ ಮನೆಯ ಮುಂದಿನ ಪಡಸಾಲೆಯೇ ಅವನ ಕಾರ್ಖಾನೆ. ಹರೆಯದಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಜಾಲಿ ಕಟ್ಟಿಗೆಯ ಗಾಡಿ ಗಾಲಿ ಮಾಡಿಕೊಟ್ಟವನು. ಟೈರಿನ ಗಾಡಿ ಬಂದು, ಆಮೇಲೆ ಟ್ರ್ಯಾಕ್ಟರ್ ಬಂದು ಗಾಲಿ ಕೇಳುವವರು ಇಲ್ಲದಾದಾಗ ಬಾಗಿಲು, ಕಿಟಕಿಗೆ ಇಳಿದ. ಬಾಗಿಲು ಮಾಡುವುದು ಅವನಿಗೆ ಮನಸ್ಸಿಗೆ ಬಂದ ಕೆಲಸವಲ್ಲ. ‘ಬಾಗಲಾ ಏನು, ನಿಂತಲ್ಲೇ ನಿಂತಿರ್ತೈತಿ. ಅದರಾಗ ಏನ್ ಮಜಾ?’ ಎನ್ನುತ್ತಿದ್ದ. ಹಾಗಾಗಿ ವಿಮಾನದ ನಕ್ಷೆ ಮುಂದಿಟ್ಟಾಗ ಎಪ್ಪತ್ತರ ಮುದುಕ ಬೀಡಿ ಆರಿಸಿ, ಕನ್ನಡಕ ಒರೆಸಿಕೊಂಡು ಕುಳಿತ.

ಒಂದಾಳು ಎತ್ತರಕ್ಕಿಂತ ಸ್ವಲ್ಪ ಉದ್ದದ ರೆಕ್ಕೆ, ಅದರ ಎರಡು ತುದಿಗೆ ಎರಡು ಮೋಟಾರು. ಪ್ರತಿ ಮೋಟಾರನ್ನೂ ಅದರ ಪ್ರೊಪೆಲ್ಲರ್ ಸಮೇತ ಒಂದು ಕಟ್ಟಿಗೆಯ ಗೂಡಿನಲ್ಲಿ ಕೂಡಿಸಿ, ಆ ಗೂಡನ್ನು ರೆಕ್ಕೆಯ ತುದಿಗೆ ಸಿಕ್ಕಿಸುವ ಹಾಗೆ ಅಪ್ಪ ಮಾಡಿದ. ದೂರ ಒಯ್ಯುವಾಗ ಬಿಚ್ಚಿ ಚೀಲದಲ್ಲಿ ಹಾಕಿಕೊಳ್ಳಬಹುದಿತ್ತು, ದಿನಾ ಹೊಲಕ್ಕೆ ಒಯ್ಯುವಾಗ ಸಿಕ್ಕಿಸಿದ್ದನ್ನು ಹಾಗೇ ಬಿಡುತ್ತಿದ್ದೆವು. ಎರಡು ಪ್ರೊಪೆಲ್ಲರುಗಳು ಒಂದಕ್ಕೊಂದು ಎದುರಾಗಿ ತಿರುಗಬೇಕಾದ್ದರಿಂದ ಒಂದು ಇನ್ನೊಂದರ ಪ್ರತಿಬಿಂಬದಂತೆ ಇರಬೇಕು. ಅಪ್ಪ ಒಂದನ್ನು ಹಗುರ ಕಟ್ಟಿಗೆಯಲ್ಲಿ ಕೆತ್ತಿ, ಅದನ್ನು ತಾನು ಗಡ್ಡ ಹೆರೆದುಕೊಳ್ಳುವ ಕನ್ನಡಿಯ ಮುಂದೆ ನಿಲ್ಲಿಸಿ, ಕನ್ನಡಿಯೊಳಗಿನದನ್ನು ನೋಡಿ ಎರಡನೆಯದನ್ನು ಕೆತ್ತಿದ. ತಕ್ಕಡಿಯಲ್ಲಿಟ್ಟರೆ ಸಾಸಿವೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವನು ಅವಕ್ಕೆ ಪಂಖ ಎನ್ನುತ್ತಿದ್ದ, ನಾನೂ ಅದನ್ನೇ ರೂಢಿಸಿಕೊಂಡೆ.

ಯಾವ ಗೂಡು ಯಾವ ತುದಿಗೆ ಎಂದು ನಾನು ಪೆನ್ಸಿಲ್‌ನಲ್ಲಿ ಬರೆದಿದ್ದೆ. ಅಪ್ಪ ಆಮೇಲೆ ಗೂಡುಗಳನ್ನು ಉಸುಕಿನ ಕಾಗದದಿಂದ ತಿಕ್ಕಿ ಎಣ್ಣೆ ಹಚ್ಚಿದಾಗ ಆ ಬರಹ ಹೋಯಿತು. ನಾನು ಮತ್ತೆ ಬರೆಯಲಿಲ್ಲ. ವೈರು ಜೋಡಿಸಿದವಳು ನಾನೇ, ನನಗೆ ಗೊತ್ತಿಲ್ಲವೇ ಎಂಬ ಸೊಕ್ಕು.

ಊರಾಚೆ ಅಪ್ಪನ ಹಳೆಯ ದೋಸ್ತರೊಬ್ಬರ ಹೊಲವಿತ್ತು. ಆ ಕಾಕಾ ಊರಿನ ಹಳೆಯ ಮುಸ್ಲಿಂ ಮನೆತನದವರು, ಕಾಳಿನ ವ್ಯಾಪಾರ ಮಕ್ಕಳಿಗೆ ಬಿಟ್ಟು ಒಕ್ಕಲುತನ ಹಿಡಿದವರು. ಕಡಲೆ ಕಿತ್ತ ಹೊಲವನ್ನು ಮಳೆಗಾಲದವರೆಗೆ ನನಗೆ ಬಿಟ್ಟುಕೊಟ್ಟರು. ಬೇಕಾದ ಪರವಾನಗಿ ತೆಗೆಸಿ, ಜನವರಿಯ ಅವರಾತ್ರಿ ಅಮಾವಾಸ್ಯೆಯ ಮರುದಿನದಿಂದ ಹಾರಿಸಲು ಸುರು ಮಾಡಿದೆ. ಗಾಳಿ ಏಳುವ ಮುಂಚೆ, ಹೊತ್ತು ಮೂಡುತ್ತಲೇ ನಾವು ಹೊಲದಲ್ಲಿರುತ್ತಿದ್ದೆವು. ಅಪ್ಪ ವಿಮಾನವನ್ನು ತಲೆಯ ಮೇಲೆ ಎತ್ತಿ ಹಿಡಿದು, ಧೋತರ ಕಚ್ಚೆ ಹಾಕಿ ನಾಲ್ಕು ಹೆಜ್ಜೆ ಓಡಿ ಎಸೆಯುತ್ತಿದ್ದ. ರಿಮೋಟ್ ಹಿಡಿದು ನಾನು ತಿರುಗಿಸಿದಂತೆ ಅದು ಹೊಲದ ಸುತ್ತ ಗೊತ್ತುಮಾಡಿದಷ್ಟು ಸುತ್ತು ಒಂದೇ ವೇಗದಲ್ಲಿ ಹಾಕಿ ಇಳಿಯುತ್ತಿತ್ತು. ಎಷ್ಟು ಬ್ಯಾಟರಿ ತಿಂದಿತು ಎಂದು ನಾನು ತಾರೀಖು ಹಾಕಿ ಬರೆದುಕೊಳ್ಳುತ್ತಿದ್ದೆ. ಆಮೇಲೆ ಹುಬ್ಬಳ್ಳಿ ಬಸ್ಸು ಹಿಡಿದು ಮೊದಲನೇ ಪೀರಿಯಡ್ಡಿಗೆ ಕಾಲೇಜು ಮುಟ್ಟುತ್ತಿದ್ದೆ, ಚಪ್ಪಲಿಗೆ ಎರಿಮಣ್ಣಿನ ಕರಿ ಧೂಳು ಹಾಗೇ ಇರುತ್ತಿತ್ತು.

ಮೊದಲ ತಿಂಗಳು ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಮೊದಲೆರಡು ದಿನ ಮೋಟಾರುಗಳನ್ನು ನಡುವೆ, ವಿಮಾನದ ಮೈಯ ಹತ್ತಿರ ಕೂಡಿಸಿ ಹಾರಿಸಿದಾಗ ಆದ ಬ್ಯಾಟರಿ ಖರ್ಚಿಗಿಂತ ತುದಿಗೆ ಕೂಡಿಸಿದಾಗಿನ ಖರ್ಚು ಪ್ರತಿ ಸಲವೂ ಕಡಿಮೆ ಬರುತ್ತಿತ್ತು. ಗೈಡ್ ಫೋನಿನಲ್ಲಿ ಎರಡು ಸಲ ‘ಗುಡ್’ ಎಂದರು. ಅವರು ಒಂದು ಸಲ ಅನ್ನುವುದೇ ಅಪರೂಪ.

ಎರಡನೆಯ ತಿಂಗಳು ಅದೇ ವಿಮಾನ, ಅದೇ ಹೊಲ, ಅದೇ ನಸುಕು. ಖರ್ಚು ಹೆಚ್ಚಾಯಿತು. ಬ್ಯಾಟರಿ ಹಳೆಯದಾಯಿತೆಂದು ಹೊಸದು ತರಿಸಿದೆ, ಹೆಚ್ಚೇ ಬಂತು. ಬಿಸಿಲಿಗೆ ಗಾಳಿ ತೆಳುವಾಗಿದೆಯೆಂದು ಲೆಕ್ಕ ತಿದ್ದಿದೆ, ಆದರೂ ಹೆಚ್ಚು. ಮೂರನೆಯ ತಿಂಗಳು, ನಾನು ಏನೂ ಮಾಡದೆಯೇ, ಮತ್ತೆ ಕಡಿಮೆಯಾಯಿತು. ದೇವರಿಗೆ ಕೈಮುಗಿದೆ. ನಾಲ್ಕನೆಯ ತಿಂಗಳು ಮತ್ತೆ ಹೆಚ್ಚು. ಗೈಡ್ ನನ್ನ ಗ್ರಾಫ್ ನೋಡಿ, ಇದು ಸಂಶೋಧನೆಯಲ್ಲ, ಜ್ವರ ಬಂದವರ ತಾಪದ ಚೀಟಿ ಎಂದರು. ಈ ಅಂಕಿಗಳನ್ನು ಇಟ್ಟುಕೊಂಡು ಬಂದರೆ ತಾನು ಸಹಿ ಹಾಕುವುದಿಲ್ಲ ಎಂದೂ ಹೇಳಿದರು. ಅದು ಮೇ ತಿಂಗಳ ನಡುವೆ. ಇನ್ನು ಎರಡು ವಾರಕ್ಕೆ ಮಳೆ ಹಿಡಿದರೆ ಎರಿಹೊಲದಲ್ಲಿ ಕಾಲಿಡುವ ಹಾಗಿರಲಿಲ್ಲ, ಒಂದೊಂದು ಹೆಜ್ಜೆಗೂ ಒಂದೊಂದು ಸೇರು ಮಣ್ಣು ಕಾಲಿಗೆ ಮೆತ್ತುತ್ತದೆ.

ಆ ದಿನಗಳಲ್ಲಿ ನಾನು ಮನುಷ್ಯಳಾಗಿರಲಿಲ್ಲ ಎಂದು ಅವ್ವ ಈಗಲೂ ಹೇಳುತ್ತಾಳೆ. ಸಾರಿಗೆ ಉಪ್ಪು ಕಡಿಮೆಯಾದರೂ ಜಗಳ, ಹೆಚ್ಚಾದರೂ ಜಗಳ.

ಕೊನೆಗೆ ಪುಸ್ತಕ ಬಿಟ್ಟು ಕಣ್ಣಿನಿಂದ ನೋಡೋಣವೆಂದು ಅವ್ವನ ಹಳೆಯ ಸ್ವೆಟರಿನಿಂದ ಉಲನ್ ದಾರ ಬಿಚ್ಚಿ, ಗೇಣುದ್ದದ ತುಂಡುಗಳನ್ನು ಒಂದು ಕೋಲಿನ ತುದಿಗೆ ಕಟ್ಟಿಕೊಂಡೆ. ಹೊಲದಲ್ಲಿ ವಿಮಾನವನ್ನು ಕಾಕಾನ ಹಳೆಯ ಗಾಡಿಯ ನೊಗಕ್ಕೆ ಬಿಗಿದು ಕಟ್ಟಿ, ಪಂಖಗಳನ್ನು ಮೆಲ್ಲಗೆ ತಿರುಗಿಸಿ, ಬಲತುದಿಯ ಹಿಂದೆ ಕೋಲು ಹಿಡಿದೆ. ಪಂಖದ ಗಾಳಿ ಮೈಯ ಕಡೆಯ ದಾರವನ್ನು ಮೇಲಕ್ಕೆ, ಹೊರಗಿನ ದಾರವನ್ನು ಕೆಳಕ್ಕೆ ಒಯ್ಯಬೇಕಿತ್ತು. ಅದಕ್ಕೆ ಸರಿಯಾಗಿ ಉಲ್ಟಾ ಆಯಿತು. ಎಡತುದಿಗೆ ಹೋದೆ. ಅಲ್ಲಿಯೂ ಉಲ್ಟಾ. ಎರಡೂ ಪಂಖಗಳು ಸುಳಿಯನ್ನು ಮುರಿಯುವ ಬದಲು ಸುಳಿಯ ಜೊತೆಗೇ ತಿರುಗಿ ಅದನ್ನು ಬೆಳೆಸುತ್ತಿದ್ದವು. ಬಲದ ಗೂಡು ಎಡಕ್ಕೆ ಇತ್ತು, ಎಡದ್ದು ಬಲಕ್ಕೆ.

ಅಪ್ಪ ಗಾಡಿಯ ನೆರಳಿನಲ್ಲಿ ಕಾಕಾನ ಜೊತೆ ಚಹಾ ಕುಡಿಯುತ್ತಿದ್ದ. ನಾನು ಹೋಗಿ ಕೇಳಿದೆ.

‘ಅಪ್ಪಾ, ಈ ಗೂಡ ನೀ ಏನರ ಬಿಚ್ಚಿದ್ದೇನು?’

‘ಹೌದು,’ ಎಂದ ಅಪ್ಪ, ಚಹಾ ಬಸಿಯನ್ನು ಕೆಳಗಿಡದೆ. ‘ಅಮಾಸಿಗೊಮ್ಮೆ ಬಿಚ್ಚಿ ಅದಲು ಬದಲು ಮಾಡ್ತೀನಲ್ಲ. ಒಂದ ಬಾಜು ಸವೀಬಾರ್ದು.’

ಇದು ಗಾಲಿಯವರ ಪದ್ಧತಿ. ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಗಾಡಿ ನಿಂತಿರುತ್ತದೆ. ಅಪ್ಪ ಹಳ್ಳಿಹಳ್ಳಿಗೆ ಹೋಗಿ ಗಾಲಿ ಬಿಚ್ಚಿ, ಅಚ್ಚಿಗೆ ಎಣ್ಣೆ ಬಿಟ್ಟು, ಎಡದ ಗಾಲಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಬರುತ್ತಿದ್ದ. ಹೊಲದ ದಾರಿಯಲ್ಲಿ ಒಂದು ಬದಿ ಯಾವಾಗಲೂ ತಗ್ಗು, ಆ ಕಡೆಯ ಗಾಲಿ ಬೇಗ ಸವೆಯುತ್ತದೆ. ಬದಲು ಮಾಡುತ್ತ ಹೋದರೆ ಎರಡೂ ಸಮನಾಗಿ ಸವೆದು ಹೆಚ್ಚು ಕಾಲ ಬಾಳುತ್ತವೆ. ಅದಕ್ಕೇ ಎರಡು ಗಾಲಿಯೂ ಯಾವ ಕಡೆ ಹಾಕಿದರೂ ಕೂಡುವಂತಿರಬೇಕು. ಹಾಗೆ ಕೂಡದ ಗಾಲಿ ಮಾಡಿದವನನ್ನು ಬಡಿಗ ಅನ್ನಬಾರದು ಎಂಬುದು ಅಪ್ಪನ ಮಾತು. ನನ್ನ ಗೂಡುಗಳನ್ನೂ ಅವನು ಎರಡೂ ತುದಿಗೆ ಕೂಡುವ ಹಾಗೇ ಮಾಡಿದ್ದ.

‘ನನಗ ಕೇಳಬಾರದಿತ್ತೇನು?’

‘ಗಾಲಿ ಬದಲು ಮಾಡಾಕ ಯಾರಿಗೆ ಕೇಳಬೇಕು? ಎರಡೂ ಮುಂದಕ್ಕನ ಎಳೀತಾವು, ಕೈಯಾಗ ಹಿಡಿದು ನೋಡೀನಿ. ಹಿಂದಕ್ಕ ಎಳದಿದ್ರ ನಾ ಬಿಡ್ತಿದ್ದೆನೇನು?’

ಅವನು ಹೇಳಿದ್ದು ನಿಜ. ಪಂಖಗಳು ಮುಂದಕ್ಕೇ ಎಳೆಯುತ್ತಿದ್ದವು, ವಿಮಾನ ನೆಟ್ಟಗೇ ಹಾರುತ್ತಿತ್ತು, ಸದ್ದೂ ಅದೇ. ರೆಕ್ಕೆಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತಿತ್ತು. ಆದರೆ ಆ ಹೊತ್ತಿಗೆ ನನಗೆ ಕಂಡದ್ದು ಏಳು ವರ್ಷ, ಜೂನ್ ತಿಂಗಳು ಮತ್ತು ಪ್ರಿನ್ಸಿಪಾಲರ ಮುಖ.

‘ನಿನಗ ಏನ ತಿಳೀತೈತಿ ಅಂತ ಕೈ ಹಾಕಿದಿ?’ ಎಂದು ಚೀರಿದೆ. ‘ಗಾಲಿ ಮಾಡಿ ಮಾಡಿ ನಿನ್ನ ತಲೀನೂ ಗಾಲಿ ಆಗೇತಿ! ನನ್ನ ನೌಕರಿ ಕಳದಿ ನೀನು. ನಾಕ ತಿಂಗಳ ಕೆಲಸ ಮಣ್ಣಾಗ ಹಾಕಿದಿ. ಇನ್ನ ಮ್ಯಾಲ ನನ್ನ ಸಾಮಾನ ಮುಟ್ಟಬ್ಯಾಡ!’

ಇಷ್ಟೇ ಅಂದಿದ್ದರೂ ಸಾಕಿತ್ತು. ಅನಕ್ಷರಸ್ಥ ಎಂಬ ಮಾತನ್ನೂ ಅಂದೆ. ಅದು ಬಾಯಿಂದ ಬಂದದ್ದು ಕೇಳಿ ನನಗೇ ಗಾಬರಿಯಾಯಿತು, ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕಾಕಾ ಎದ್ದು ನಿಂತರು. ‘ಹಂಗ ಅನಬಾರ್ದವ್ವಾ. ತಂದಿ ಅದಾನ, ಆಳಲ್ಲ,’ ಎಂದರು. ಅಪ್ಪ ಬಸಿಯಲ್ಲಿದ್ದ ಚಹಾವನ್ನು ನೆಲಕ್ಕೆ ಚೆಲ್ಲಿ, ಟೊಪ್ಪಿಗೆ ಹಾಕಿಕೊಂಡು ಊರ ಕಡೆ ನಡೆದ. ಅವನು ಚಹಾ ಚೆಲ್ಲಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮನೆಗೆ ಬಂದು ಗೋಡೆಯ ಮುಂದೆ ಕುಳಿತೆ. ಅಲ್ಲಿ ಅವ್ವನ ಕ್ಯಾಲೆಂಡರ್ ತೂಗುತ್ತಿತ್ತು, ಹುಣ್ಣಿಮೆಗೆ ಬಿಳಿ ಚುಕ್ಕೆ, ಅಮಾವಾಸ್ಯೆಗೆ ಕರಿ ಚುಕ್ಕೆ. ಸುಮ್ಮನೆ ನೋಡುತ್ತಿದ್ದವಳಿಗೆ ಅಪ್ಪ ಅಂದ ಅಮಾಸಿ ನೆನಪಾಯಿತು. ನೋಟ್‌ಬುಕ್ ತಂದೆ. ನಾನು ಪ್ರತಿ ಹಾರಾಟಕ್ಕೂ ತಾರೀಖು ಹಾಕಿದ್ದೆ. ಅಪ್ಪ ಪ್ರತಿ ಕರಿ ಚುಕ್ಕೆಗೂ ಪಂಖ ಬದಲಿಸಿದ್ದ. ಶಿವರಾತ್ರಿ ಅಮಾವಾಸ್ಯೆಯವರೆಗಿನ ಹಾರಾಟಗಳೆಲ್ಲ ಕಡಿಮೆ ಖರ್ಚು. ಅಲ್ಲಿಂದ ಯುಗಾದಿ ಅಮಾವಾಸ್ಯೆಯವರೆಗೆ ಎಲ್ಲ ಹೆಚ್ಚು. ಅದರ ಮುಂದಿನ ಅಮಾವಾಸ್ಯೆಯವರೆಗೆ ಮತ್ತೆ ಕಡಿಮೆ, ಆಮೇಲೆ ಹೆಚ್ಚು. ಒಂದು ಹಾರಾಟವೂ ಗೆರೆ ದಾಟಿರಲಿಲ್ಲ. ಜ್ವರದ ಚೀಟಿಯನ್ನು ಎರಡು ಕಟ್ಟು ಮಾಡಿದೆ. ಒಂದು ಕಟ್ಟು ಸುಳಿಗೆ ಎದುರಾಗಿ ತಿರುಗಿದ ಪಂಖಗಳದು, ಇನ್ನೊಂದು ಸುಳಿಯ ಜೊತೆಗೆ ತಿರುಗಿದ ಪಂಖಗಳದು. ಅದೇ ವಿಮಾನ, ಅದೇ ಪಂಖ, ದಿಕ್ಕು ಮಾತ್ರ ಬೇರೆ. ನಾನು ಬರೀ ಅರ್ಧ ಪ್ರಶ್ನೆ ಕೇಳಿದ್ದೆ. ಉಳಿದರ್ಧವನ್ನು ಅಪ್ಪ ಕೇಳಿ ಉತ್ತರವನ್ನೂ ತಂದಿಟ್ಟಿದ್ದ.

ಗೈಡ್‌ಗೆ ಫೋನು ಮಾಡಿದೆ. ಅವರು ನನ್ನಿಂದ ತಾರೀಖುಗಳನ್ನು ಒಂದೊಂದಾಗಿ ಓದಿಸಿ, ಮಳೆಗೆ ಮುಂಚೆ ಎರಡೂ ದಿಕ್ಕಿನಲ್ಲಿ ಇನ್ನಷ್ಟು ಹಾರಿಸಿ ಖಾತ್ರಿ ಮಾಡಿಕೋ, ಇದು ನಿನ್ನ ಪ್ರಬಂಧದ ಅತ್ಯುತ್ತಮ ಅಧ್ಯಾಯ ಎಂದರು.

ಅಪ್ಪನಿಗೆ ಆಗಲೇ ಹೇಳಬೇಕಿತ್ತು. ಪಡಸಾಲೆಯಲ್ಲೇ ಕುಳಿತಿದ್ದ, ಹತ್ತು ಹೆಜ್ಜೆ ದೂರ. ಹೇಳಿದರೆ ಹೊಲದಲ್ಲಿ ಅಂದದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತಿತ್ತು. ನಮ್ಮ ಮನೆಯಲ್ಲಿ ತಪ್ಪಾಯಿತು ಎನ್ನುವ ರೂಢಿಯಿಲ್ಲ, ಬೈದವರು ಮರುದಿನ ತಾವೇ ಚಹಾ ಮಾಡಿ ಕೊಡುತ್ತಾರೆ. ನಾನೂ ಚಹಾ ಮಾಡಿ ಕೊಟ್ಟೆ. ಅವನು ಕುಡಿದ. ಮುಗಿಯಿತೆಂದುಕೊಂಡೆ.

ಮುಗಿದಿರಲಿಲ್ಲ. ಮಳೆಗೆ ಮುಂಚಿನ ಆ ಹತ್ತು ದಿನ ಅಪ್ಪ ದಿನಾಲೂ ಹೊಲಕ್ಕೆ ಬಂದ. ಆದರೆ ವಿಮಾನ ಎತ್ತುವ ಮುಂಚೆ ಪ್ರತಿ ಸಲವೂ ‘ಮುಟ್ಲೇನು?’ ಎಂದು ಕೇಳುತ್ತಿದ್ದ. ಕುಚೋದ್ಯಕ್ಕಲ್ಲ. ನಿಜವಾಗಿಯೂ ಕೇಳುತ್ತಿದ್ದ. ಗೂಡುಗಳನ್ನು ನಾನೇ ಬಿಚ್ಚಿ, ನಾನೇ ಬದಲಿಸುತ್ತಿದ್ದೆ. ಅವನು ಕೈ ಹಿಂದೆ ಕಟ್ಟಿಕೊಂಡು ನಿಂತಿರುತ್ತಿದ್ದ. ನಾನು ಮಾಡುತ್ತಿರುವುದು ತಾನು ಬೈಸಿಕೊಂಡ ಕೆಲಸವೇ ಎಂದು ಅವನಿಗೆ ಅನ್ನಿಸಿರಲಿಲ್ಲವೇ? ಅನ್ನಿಸಿರಬೇಕು. ಅವನು ಅದನ್ನು ಕೇಳಲಿಲ್ಲ.

ಜೂನ್ ಮುಗಿಯುವ ಮುಂಚೆ ಪ್ರಬಂಧ ಒಪ್ಪಿಸಿದೆ. ಕಾಲೇಜಿನವರು ಫಲಿತಾಂಶ ಬರುವವರೆಗೆ ನನ್ನನ್ನು ಇಟ್ಟುಕೊಂಡರು. ಪ್ರಬಂಧದಲ್ಲಿ ‘ಪ್ರೊಪೆಲ್ಲರುಗಳನ್ನು ನಿಗದಿತ ಅವಧಿಗೊಮ್ಮೆ ಅದಲುಬದಲು ಮಾಡಲಾಯಿತು’ ಎಂಬರ್ಥದ ಒಂದು ಇಂಗ್ಲಿಷ್ ಸಾಲಿತ್ತು. ಯಾರು ಮಾಡಿದರು ಎಂದಿರಲಿಲ್ಲ. ಕೃತಜ್ಞತೆಯ ಪುಟದಲ್ಲಿ ಮಾದರಿ ಕಟ್ಟಲು ನೆರವಾದ ತಂದೆಗೆ ಎಂದು ಬರೆದು ಕೈತೊಳೆದುಕೊಂಡೆ.

ಮರುವರ್ಷ ಫೆಬ್ರುವರಿಯಲ್ಲಿ ಮೌಖಿಕ ಪರೀಕ್ಷೆಯಾಯಿತು. ಯಾರು ಬೇಕಾದರೂ ಬಂದು ಕೂಡಬಹುದು. ಅಪ್ಪ ಇಸ್ತ್ರಿ ಮಾಡಿದ ಧೋತರ, ಬಿಳಿ ಟೊಪ್ಪಿಗೆ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತ. ಮೇಜಿನ ಮೇಲೆ ಅವನು ಮಾಡಿದ ವಿಮಾನವಿತ್ತು. ಹೊರಗಿನಿಂದ ಬಂದ ಪರೀಕ್ಷಕರು ನನ್ನ ನಾಲ್ಕನೆಯ ಅಧ್ಯಾಯ ತೆರೆದು, ತಿಂಗಳಿಗೊಮ್ಮೆ ಪ್ರೊಪೆಲ್ಲರುಗಳನ್ನು ಅದಲುಬದಲು ಮಾಡಿದ್ದು ಬಹಳ ಚೆನ್ನಾಗಿದೆ, ಈ ವಿಚಾರ ನಿಮಗೆ ಹೇಗೆ ಹೊಳೆಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು.

‘ಒಂದೇ ಕಡೆ ಸವೆಯಬಾರದು ಎಂದು,’ ಎಂದೆ ಇಂಗ್ಲಿಷಿನಲ್ಲೇ. ‘ಸವೆತದ ಪರಿಣಾಮ ಎರಡೂ ಬದಿಗೆ ಸಮನಾಗಿ ಹಂಚಿಹೋಗಲಿ ಎಂದು ಮೊದಲೇ ಯೋಚಿಸಿದ್ದೆ.’

ಯೋಚಿಸಿದ್ದೆ ಎಂದೆ. ಪರೀಕ್ಷಕರು ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿ ಅಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದ. ಎಲ್ಲ ಮುಗಿದು ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವನೂ ಎದ್ದು ನಿಂತು ತಟ್ಟಿದ, ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟಿದ.

ಸಂಜೆ ಗದಗ ಬಸ್ಸಿನಲ್ಲಿ ಊರಿಗೆ ಹೊರಟೆವು. ರೆಕ್ಕೆಯನ್ನು ಸೀಟಿನ ಸಂದಿಯಲ್ಲಿ ನಿಲ್ಲಿಸಿಕೊಂಡಿದ್ದೆ, ಗೂಡುಗಳ ಚೀಲ ಅಪ್ಪನ ತೊಡೆಯ ಮೇಲಿತ್ತು. ಹುಬ್ಬಳ್ಳಿ ದಾಟಿದ ಮೇಲೆ ಅವನು ನನ್ನ ಕಡೆ ಬಾಗಿ, ಯಾರಿಗೂ ಕೇಳದ ಹಾಗೆ ಮೆಲ್ಲಗೆ ಹೇಳಿದ:

‘ಛಲೋ ಮಾಡಿದಿ ಬೇ.’

‘ಏನು?’

‘ಆ ಸಾಹೇಬ್ರು ಪಂಖದ್ದ ಏನೋ ಕೇಳಿದ್ರಲ್ಲ, ಅದಲು ಬದಲು ಮಾಡಿದ್ದ ಕೇಳಿದ್ರು ಅಂತ ಗೊತ್ತಾತು, ಕೈ ಹಂಗ ಮಾಡಿ ತೋರಿಸಿದ್ರು. ನನ್ನ ಎದಿ ಹೊಡಕೋತಿತ್ತು. ನೀ ನನ್ನ ಕಡೆ ಬಟ್ಟು ಮಾಡಿ ತೋರಿಸಲಿಲ್ಲ. ಅಷ್ಟು ಮಂದ್ಯಾಗ ನನ್ನ ತಪ್ಪ ಮುಚ್ಚಿಕೊಂಡಿ.’

ಒಂಬತ್ತು ತಿಂಗಳು ಅವನು ಇದನ್ನು ಹೊತ್ತುಕೊಂಡು ತಿರುಗಿದ್ದ. ನನಗೆ ನಾಚಿಕೆಯಾಯಿತು. ಆಗ ಎಲ್ಲ ಹೇಳಿದೆ. ಕ್ಯಾಲೆಂಡರಿನ ಕರಿ ಚುಕ್ಕೆ, ಎರಡು ಕಟ್ಟು, ಗೈಡ್ ಅಂದದ್ದು, ಪರೀಕ್ಷಕರು ಹೊಗಳಿದ್ದು. ನೀನು ಬದಲಿಸಿರದಿದ್ದರೆ ನನಗೆ ಈ ಪದವಿ ಇಷ್ಟು ಗಟ್ಟಿಯಾಗಿ ಸಿಗುತ್ತಿರಲಿಲ್ಲ, ಅವರು ಮೆಚ್ಚಿದ್ದು ನಿನ್ನ ಕೆಲಸ, ನಾನು ನನ್ನದೆಂದು ಹೇಳಿಕೊಂಡೆ ಎಂದೆ. ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು ದೊಡ್ಡದಾಗಿಯೇ ಹೇಳಿದೆ.

ಅಪ್ಪ ಪೂರಾ ಕೇಳಿದ. ಸಂತೋಷಪಡುತ್ತಾನೆ ಎಂದುಕೊಂಡಿದ್ದೆ. ಅವನು ಚೀಲದ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿದ:

‘ಇದು ನಿನಗ ಯಾವಾಗ ಗೊತ್ತಾತು?’

‘ಅವತ್ತ. ಹೊಲದಿಂದ ಬಂದ ಮ್ಯಾಲ.’

‘ಅವತ್ತ ಗೊತ್ತಾಗಿತ್ತು ಅಂದ್ರ, ನಾ ಮುಟ್ಲೇನು ಮುಟ್ಲೇನು ಅಂತ ದಿನಾ ಕೇಳೂಮುಂದ ಯಾಕ ಸುಮ್ಮನಿದ್ದಿ?’

‘ತಪ್ಪಾತು, ಅಪ್ಪಾ,’ ಎಂದೆ.

‘ಹೌದು ಮತ್ತ,’ ಎಂದ ಅಪ್ಪ. ಊರು ಬಂದಿತ್ತು. ಚೀಲವನ್ನು ನನ್ನ ಕೈಗೆ ಕೊಟ್ಟು, ಬಾಗಿಲ ಕಡೆ ನಡೆದ.